ಮಲ್ಲಿಯ ಮೈ ಬಾಚುವಾಗ

ಶನಿವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಹಿತ್ತಿಲ ಜಗುಲಿಗೆ ಹಳೇ ಚಾಪೆ ಹಾಸಿದೆನೆಂದರೆ ಮಲ್ಲಿಗೆ ಗೊತ್ತಾಗುತ್ತದೆ. ಎಲ್ಲೇ ಮಲಗಿದ್ದರೂ ಎದ್ದು, ಮೈಮುರಿದು, ದೊಡ್ಡದಾಗಿ ಆಕಳಿಸಿ, ನಿಧಾನಕ್ಕೆ ಬಂದು ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗುತ್ತಾಳೆ. ಯಾವತ್ತೂ ಎಡಮಗ್ಗುಲೇ. ಮೊದಲು ಬಲಗಡೆ ಬಾಚಿ ಮುಗಿಸಬೇಕು, ಆಮೇಲೆ ಅವಳೇ ಹೊರಳುತ್ತಾಳೆ. ಈ ಪದ್ಧತಿ ನಾನು ಕಲಿಸಿದ್ದಲ್ಲ. ಚಾಪೆಯ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತದೆ. ಅದರಲ್ಲಿ ತಂತಿ ಹಲ್ಲಿನ ಬ್ರಷ್, ಸ್ಟೀಲಿನ ಬಾಚಣಿಗೆ, ಅಮ್ಮನ ಕಾಲದ ಹೇನಿನ ಬಾಚಣಿಗೆ, ನಾಯಿಯ ಉಗುರು ಕತ್ತರಿಸುವ ಕಟರ್, ಒಂದು ಚಿಮ್ಮಟ, ಪುಟ್ಟ ಬಾಟಲಿಯಲ್ಲಿ ಸ್ಪಿರಿಟ್, ಹತ್ತಿ, ಮತ್ತೆ ಒಂದು ಹಿಡಿ ಹುರಿಗಡಲೆ. ಹುರಿಗಡಲೆ ಅವಳಿಗೆ.

ಮಲ್ಲಿ ಎಂಬ ಹೆಸರು ಅವಳ ಬಣ್ಣದಿಂದ ಬಂದದ್ದು. ಮಲ್ಲಿಗೆ ಬಿಳಿ. ಮೂಗು, ಕಣ್ಣು, ತುಟಿಯಂಚು ಮಾತ್ರ ಕಪ್ಪು. ನೋಡಿದವರೆಲ್ಲ ‘ಪಮೇರಿಯನ್ನಾ?’ ಎನ್ನುತ್ತಾರೆ, ನಾವೂ ಹೌದೆನ್ನುತ್ತೇವೆ. ನಿಜದಲ್ಲಿ ಇವಳು ಇಂಡಿಯನ್ ಸ್ಪಿಟ್ಜ್. ಅಸಲಿ ಪಮೇರಿಯನ್ ಮೂರು ಕಿಲೋ ತೂಗಿದರೆ ಹೆಚ್ಚು, ಮಲ್ಲಿ ಒಂಬತ್ತು ಕಿಲೋ ಇದ್ದಾಳೆ. ನಮ್ಮ ಬಿಸಿಲು ಮಳೆಗೆ ಒಗ್ಗಿ ಇಲ್ಲೇ ಬೆಳೆದುಬಂದ ತಳಿ ಇದು. 1994ರಲ್ಲಿ ಬಂದ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿ ಇದೇ ಜಾತಿ. ಆ ವರ್ಷಗಳಲ್ಲಿ ನಮ್ಮ ಶಿವಮೊಗ್ಗದಲ್ಲೂ ಬೀದಿಗೆ ಒಂದೆರಡಾದರೂ ಬಿಳಿ ನಾಯಿ ಗೇಟಿನ ಸಂದಿಯಿಂದ ಮೂಗು ತೂರಿಸುತ್ತಿದ್ದವು. ಆಮೇಲೆ ಲ್ಯಾಬ್ರಡಾರ್ ಬಂತು, ಪಗ್ ಬಂತು, 2022ರಲ್ಲಿ ‘777 ಚಾರ್ಲಿ’ ನೋಡಿ ಮಕ್ಕಳೆಲ್ಲ ಮತ್ತೆ ಲ್ಯಾಬ್ರಡಾರ್ ಬೇಕೆಂದು ಹಟ ಹಿಡಿದರು. ಬಿಳಿ ನಾಯಿಗಳು ಕಡಿಮೆಯಾದವು. ನನ್ನ ಮಗಳಿಗೆ ಮಾತ್ರ ಸ್ಪಿಟ್ಜೇ ಬೇಕಿತ್ತು. ಬೆಂಗಳೂರಿನಲ್ಲಿ ಓದುವಾಗ ಮರಿ ತಂದಳು, ಕೆಲಸ ಸಿಕ್ಕಿ ಪುಣೆಗೆ ಹೊರಟಾಗ ನಮ್ಮ ಮಡಿಲಿಗೆ ಹಾಕಿದಳು. ‘ಅಮ್ಮಾ, ವಾರಕ್ಕೊಂದು ಸಲ ಬಾಚಬೇಕು’ ಎಂದು ಮೂರು ಸಲ ಹೇಳಿ ಹೋದಳು. ಆಯಿತು ಎಂದೆ. ಎಷ್ಟು ಬಾಚಬೇಕು, ಹೇಗೆ ಬಾಚಬೇಕು ಎಂದು ಕೇಳಲಿಲ್ಲ.

ಕೇಳಬೇಕೆಂದು ಹೊಳೆಯಲೂ ಇಲ್ಲ. ಪ್ರಾಣಿಗಳ ಮೈ ನೋಡಿಕೊಳ್ಳುವುದು ನಮಗೆ ಹೊಸದೇ? ಹೊಸನಗರದ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹತ್ತು ಹನ್ನೆರಡು ದನ ಇದ್ದವು. ಅಪ್ಪ ಬೆಳಿಗ್ಗೆ ಹಾಲು ಕರೆಯುವ ಮೊದಲು ಹುಲ್ಲಿನ ಸಿಂಬೆ ಮಾಡಿ ಅವುಗಳ ಮೈ ತಿಕ್ಕುತ್ತಿದ್ದರು. ಸಂಜೆ ಮೇಯ್ದು ಬಂದ ಮೇಲೆ ಗಂಗೆದೊಗಲು ಎತ್ತಿ, ಕಿವಿ ಮಡಚಿ, ಬಾಲದ ಬುಡ ನೋಡಿ ಉಣುಗು ಕಿತ್ತು ಗೆರಟೆಯ ಕೆಂಡಕ್ಕೆ ಹಾಕುತ್ತಿದ್ದರು. ದೀಪಾವಳಿಯಲ್ಲಿ ಅಷ್ಟೂ ದನಗಳಿಗೆ ಬಿಸಿನೀರಿನ ಸ್ನಾನ, ಕೊಂಬಿಗೆ ಬಣ್ಣ, ಕೊರಳಿಗೆ ಅಡಿಕೆ ಪಚ್ಚೆತೆನೆಯ ಸರ. ಯಾವ ದನಕ್ಕೆ ಯಾವ ಕಾಲಿನಲ್ಲಿ ಹಳೇ ಗಾಯ ಇದೆ, ಯಾವುದರ ಬೆನ್ನು ಮುಟ್ಟಿದರೆ ಒದೆಯುತ್ತದೆ, ಕತ್ತಲಲ್ಲೂ ಅಪ್ಪನಿಗೆ ತಿಳಿದಿತ್ತು.

ಅದೇ ಮನೆಯಲ್ಲಿ ದಾಸು ಎಂಬ ನಾಯಿ ಇತ್ತು. ಕಂದು ಬಣ್ಣ, ಒಂದು ಕಿವಿ ಮಡಚು. ಬಚ್ಚಲೊಲೆಯ ಬೂದಿಯಲ್ಲಿ ಮಲಗುತ್ತಿತ್ತು, ಎರಡು ಹೊತ್ತು ಅನ್ನ ಹಾಕುತ್ತಿದ್ದೆವು, ರಾತ್ರಿ ತೋಟಕ್ಕೆ ಹಂದಿ ಬಂದರೆ ಪ್ರಾಣ ಒತ್ತೆಯಿಟ್ಟು ಬೊಗಳುತ್ತಿತ್ತು. ಎಲ್ಲರಿಗೂ ಪ್ರೀತಿಯೇ. ಆದರೆ ಅದರ ಮೈಯನ್ನು ಯಾರೂ ಮುಟ್ಟಿ ನೋಡಿದ್ದಿಲ್ಲ. ಮುಟ್ಟಿದರೆ ಕೈ ತೊಳೆಯಬೇಕು, ಮಡಿಯಲ್ಲಿದ್ದವರಾದರೆ ಸ್ನಾನವೇ ಆಗಬೇಕು. ಒಂದು ಮಳೆಗಾಲ ದಾಸು ಅನ್ನ ಬಿಟ್ಟಿತು. ನಾಲ್ಕೈದು ದಿನ ಬೂದಿಯಿಂದ ಏಳಲಿಲ್ಲ. ಬಾಯಿ ತೆರೆದಾಗ ವಸಡು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು, ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಯಾರೋ ವಿಷ ಹಾಕಿರಬೇಕು ಎಂದರು. ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದೆವು. ವಸಡು ಬಿಳಿಚಿಕೊಂಡು ಅನ್ನ ಬಿಟ್ಟ ನಾಯಿಯನ್ನು ಕಂಡರೆ ಪಶುವೈದ್ಯರು ಮೊದಲು ಅನುಮಾನಿಸುವುದು ಉಣುಗಿನ ಜ್ವರವನ್ನು ಎಂದು ನನಗೆ ತಿಳಿಯಲು ಮಲ್ಲಿ ಬರಬೇಕಾಯಿತು.

ಮಲ್ಲಿಯ ಮೊದಲ ವರ್ಷ ನಾನು ಬಾಚಿದ್ದೇ ಬಾಚಿದ್ದು. ಮೇಲಿನಿಂದ ಬ್ರಷ್ ಎಳೆದರೆ ಮೈ ಪಳಪಳ ಹೊಳೆಯುತ್ತಿತ್ತು, ನೋಡಿದವರು ಹೊಗಳುತ್ತಿದ್ದರು. ಒಳಗೆ ಏನಾಗುತ್ತಿದೆ ಎಂದು ಗೊತ್ತಿರಲಿಲ್ಲ. ಇಂಥ ನಾಯಿಗಳಿಗೆ ಎರಡು ಪದರ ಕೂದಲು. ಮೇಲಿನದು ಉದ್ದ, ಸ್ವಲ್ಪ ಒರಟು, ನೀರು ಜಾರಿಸುವಂಥದ್ದು. ಒಳಗಿನದು ಹತ್ತಿಯ ಹಾಗೆ ಮೆತ್ತಗೆ, ಒತ್ತಾಗಿ. ಉದುರುವುದು ಹೆಚ್ಚಾಗಿ ಒಳಗಿನದು. ಉದುರಿದ್ದು ಹೊರಗೆ ಬರಲು ದಾರಿ ಸಿಗದಿದ್ದರೆ ಅಲ್ಲೇ ಸುತ್ತಿಕೊಂಡು ಗಂಟಾಗುತ್ತದೆ, ಗಂಟು ಗಂಟನ್ನು ಹಿಡಿದು ಚರ್ಮಕ್ಕೆ ಅಂಟಿದ ಚಪ್ಪಡಿಯಾಗುತ್ತದೆ. ಒಂದು ದಿನ ಮಲ್ಲಿ ಕಿವಿಯ ಹಿಂದೆ ಮುಟ್ಟಿಸಿಕೊಳ್ಳಲು ಬಿಡಲಿಲ್ಲ, ಗುರ್ ಎಂದಳು. ಅವಳು ನನಗೆ ಗುರ್ ಎಂದದ್ದು ಅದೇ ಮೊದಲು. ಬೆರಳು ತೂರಿಸಿ ನೋಡಿದರೆ ಕಂಬಳಿಯ ತುಂಡು ಹೊಲಿದಿಟ್ಟ ಹಾಗೆ.

ಸಾಕುಪ್ರಾಣಿಗಳ ಒಂದು ಅಂಗಡಿಗೆ ಕರೆದುಕೊಂಡು ಹೋದೆವು. ಎರಡು ಗಂಟೆ ಬಿಟ್ಟು ಬನ್ನಿ ಎಂದರು. ಹೋದಾಗ ಮೇಜಿನ ಮೇಲೆ ನಿಂತಿದ್ದ ತೆಳ್ಳನೆಯ ಗುಲಾಬಿ ಪ್ರಾಣಿ ನಮ್ಮದೆಂದು ಗುರುತು ಹತ್ತಲಿಲ್ಲ. ತಲೆ ಮತ್ತು ಬಾಲದ ತುದಿ ಬಿಟ್ಟು ಉಳಿದದ್ದೆಲ್ಲ ಯಂತ್ರದಿಂದ ನುಣ್ಣಗೆ ಬೋಳಿಸಿದ್ದರು. ‘ಬೇಸಿಗೆ ಅಲ್ವಾ ಮೇಡಂ, ತಂಪಾಗಿರುತ್ತೆ’ ಎಂದರು. ನಾವೂ ನಂಬಿದೆವು. ಆದರೆ ಆ ಎರಡು ಪದರದ ಕೂದಲು ಚಳಿಯನ್ನು ತಡೆಯುವ ಹಾಗೆಯೇ ಬಿಸಿಲನ್ನೂ ಚರ್ಮಕ್ಕೆ ತಾಗಗೊಡುವುದಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರು ಹೆಚ್ಚಾಗಿ ಪಾದದಡಿಯಲ್ಲಿ, ಉಳಿದ ಬಿಸಿಯನ್ನು ನಾಲಿಗೆ ಚಾಚಿ ತೇಕುತ್ತಾ ಕಳೆಯಬೇಕು. ಕೂದಲು ತೆಗೆದರೆ ತಂಪಾಗುವ ಲೆಕ್ಕ ಮನುಷ್ಯರದ್ದು. ಏಪ್ರಿಲ್ ತಿಂಗಳ ಬಿಸಿಲಿಗೆ ಮಲ್ಲಿಯ ಬೆನ್ನು ಕೆಂಪಾಗಿ ಸಿಪ್ಪೆ ಎದ್ದಿತು. ಕೂದಲು ಮತ್ತೆ ಬಂತು, ಆದರೆ ಸೊಂಟದ ಹತ್ತಿರ ತಟ್ಟೆಯಗಲ ಜಾಗ ವರ್ಷಕ್ಕೂ ಹೆಚ್ಚು ಕಾಲ ಬೋಳಾಗಿಯೇ ಉಳಿಯಿತು. ಬೋಳಿಸಿದ ಎರಡು ಪದರದ ನಾಯಿಗಳಲ್ಲಿ ಹೀಗಾಗುವುದುಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಅವತ್ತು ಮನೆಗೆ ಬಂದ ಮಲ್ಲಿ ಮಂಚದ ಅಡಿ ಸೇರಿ ಮರುದಿನದವರೆಗೆ ಹೊರಗೆ ಬರಲಿಲ್ಲ. ಅಂಥ ಸ್ಥಿತಿಗೆ ಇನ್ನೊಮ್ಮೆ ತರುವುದಿಲ್ಲ ಎಂದು ನಾನು ಮಂಚದ ಪಕ್ಕ ನೆಲದ ಮೇಲೆ ಕುಳಿತು ಅವಳಿಗೆ ಮಾತು ಕೊಟ್ಟೆ.

ಬಾಚುವುದನ್ನು ನಾನು ಹೊಸದಾಗಿ ಕಲಿತದ್ದು ಅಮ್ಮನ ಕೈ ನೆನಪಿಸಿಕೊಂಡು. ಬೇಸಿಗೆ ರಜೆಯಲ್ಲಿ ಅಮ್ಮ ನಮ್ಮನ್ನು ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ ಹೇನು ನೋಡುತ್ತಿದ್ದಳು. ಎಡಗೈಯಿಂದ ಕೂದಲು ಎತ್ತಿ ಹಿಡಿದು, ಒಂದು ಬೈತಲೆ ತೆಗೆದು, ಬುಡ ನೋಡಿ, ಅರ್ಧ ಅಂಗುಲ ಪಕ್ಕಕ್ಕೆ ಇನ್ನೊಂದು ಬೈತಲೆ. ನಾಯಿಗೂ ಹಾಗೆಯೇ. ಹೊಟ್ಟೆಯ ಅಂಚಿನಿಂದ ಶುರುಮಾಡಿ, ಎಡಗೈಯಲ್ಲಿ ಮೇಲಿನ ಕೂದಲನ್ನೆಲ್ಲ ಎತ್ತಿ ಒತ್ತಿ ಹಿಡಿದು, ಅದರ ಕೆಳಗೆ ಚರ್ಮದ ಗೆರೆ ಕಾಣುವ ಹಾಗೆ ಮಾಡಿ, ಆ ಗೆರೆಯಿಂದ ತುದಿಗೆ ಬಾಚಬೇಕು. ಆಮೇಲೆ ಒಂದು ಗೆರೆ ಮೇಲೆ. ಬೆನ್ನುಮೂಳೆ ತಲುಪುವ ಹೊತ್ತಿಗೆ ಒಂದು ಮಗ್ಗುಲು ಮುಗಿಯಿತು. ಮೊದಮೊದಲು ಮಗ್ಗುಲಿಗೆ ಒಂದು ಗಂಟೆ ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷ ಸಾಕು. ಅಮ್ಮ ಈಗ ನಮ್ಮ ಜೊತೆಗೇ ಇದ್ದಾಳೆ. ಮೊದಲ ಸಲ ನೋಡಿದಾಗ, ‘ಎಂತ ಮಾರಾಯ್ತಿ, ನಾಯಿಗೂ ಬೈತಲೆಯಾ?’ ಎಂದಳು. ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗಿ ತನ್ನ ಹೇನಿನ ಬಾಚಣಿಗೆ ತಂದುಕೊಟ್ಟಳು. ‘ಕಿವಿಯ ಹಿಂದಿನ ಸಣ್ಣ ಕೂದಲಿಗೆ ನಿನ್ನ ಸ್ಟೀಲಿಂದು ಆಗೂದಿಲ್ಲ ಕಣೆ, ಇದು ಹಿಡಿ.’ ಅವಳ ಮಾತು ಸರಿಯಾಗಿತ್ತು.

ಸಿಕ್ಕು ಆಗುವ ಜಾಗಗಳು ನಿಶ್ಚಿತ: ಕಿವಿಯ ಹಿಂದೆ, ಕೊರಳಪಟ್ಟಿಯ ಅಡಿ, ಕಂಕುಳು, ಹಿಂದೊಡೆಯ ಹಿಂಭಾಗದ ಲಂಗದಂಥ ಕೂದಲು. ಸಿಕ್ಕಿಗೆ ಕತ್ತರಿ ಹಾಕಬಾರದು. ಗಂಟು ಚರ್ಮವನ್ನು ತನ್ನೊಳಗೆ ಎಳೆದುಕೊಂಡಿರುತ್ತದೆ, ಕೂದಲೆಂದು ಕತ್ತರಿಸಿದ್ದು ಚರ್ಮವಾಗಿರಬಹುದು. ನಾನು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲೇ ಬಿಡಿಸುತ್ತೇನೆ. ಗಂಟಿನ ಬುಡವನ್ನು, ಚರ್ಮದ ಪಕ್ಕದಲ್ಲೇ, ಎಡಗೈಯ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದರೆ ಎಳೆತವೆಲ್ಲ ನನ್ನ ಬೆರಳಿಗೆ ಬರುತ್ತದೆ, ಅವಳ ಚರ್ಮಕ್ಕೆ ಹೋಗುವುದಿಲ್ಲ. ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಾ ಬರಬೇಕು, ಶ್ಯಾವಿಗೆ ಬಿಡಿಸಿದ ಹಾಗೆ. ಒಂದು ಗಂಟಿಗೆ ಹತ್ತು ನಿಮಿಷವಾದರೂ ಆಗಲಿ. ಅವಳು ತಲೆಯೆತ್ತಿ ನನ್ನ ಕೈ ನೋಡಿದರೆ ನಿಲ್ಲಿಸುತ್ತೇನೆ, ಎರಡು ಕಡಲೆ ಕೊಡುತ್ತೇನೆ, ಅವಳು ತಲೆ ಕೆಳಗಿಟ್ಟ ಮೇಲೆ ಮುಂದುವರಿಸುತ್ತೇನೆ. ಬೇಡ ಎಂದರೆ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆಯೇ ಅವಳು ಚಾಪೆಗೆ ತಾನಾಗಿ ಬರತೊಡಗಿದ್ದು.

ಬೇಸಿಗೆಗೆ ಮುಂಚೆ ಮತ್ತು ಮಳೆ ಕಳೆದ ಮೇಲೆ, ವರ್ಷಕ್ಕೆ ಎರಡು ಸಲ, ಬ್ರಷ್ ತುಂಬಿ ತುಂಬಿ ಬರುತ್ತದೆ. ಒಂದು ಸಲ ಕೂತರೆ ಕ್ಯಾರಿಬ್ಯಾಗಿನ ತುಂಬ ಹತ್ತಿ. ಹಿಂದೊಂದು ಮಾರ್ಚ್‌ನಲ್ಲಿ ಮುಂಬಾಗಿಲಿನ ದೀಪದ ತಂತಿಗೆ ಸೂರಕ್ಕಿ ಗೂಡು ಕಟ್ಟುತ್ತಿತ್ತು. ಜೇಡನ ಬಲೆ, ಒಣ ಎಲೆಯ ಚೂರು, ಮರದ ಸಿಪ್ಪೆ ಸೇರಿಸಿ ಇಳಿಬಿಟ್ಟ ಪುಟ್ಟ ಚೀಲ. ಜಗುಲಿಯ ಕಂಬಿಗೆ ಸಿಕ್ಕಿಕೊಂಡಿದ್ದ ಮಲ್ಲಿಯ ಕೂದಲನ್ನು ಅದು ಕೊಕ್ಕಿನಲ್ಲಿ ಕಚ್ಚಿ ಒಯ್ಯುವುದನ್ನು ನೋಡಿ ಮನೆಮಂದಿಗೆಲ್ಲ ಹಿಗ್ಗು. ಆಮೇಲೆ ಬೇಕೆಂದೇ ಕೂದಲನ್ನು ದಾಸವಾಳದ ಗಿಡಕ್ಕೆ ಸಿಕ್ಕಿಸಿಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಉಣುಗಿಗೆಂದು ತಿಂಗಳಿಗೊಮ್ಮೆ ಬೆನ್ನಿಗೆ ಹಾಕುವ ಔಷಧಿಯ ಅಂಶ ಕೂದಲಲ್ಲಿ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ನಾಯಿಕೂದಲು ಹಾಸಿದ ಹಕ್ಕಿಗೂಡುಗಳನ್ನು ಪರೀಕ್ಷಿಸಿ ಆ ವಿಷ ಮೊಟ್ಟೆ ಮರಿಗಳಿಗೂ ಮುಟ್ಟುತ್ತಿದೆ ಎಂದು ಎಚ್ಚರಿಸಿದ್ದಾರೆ. ಓದಿದ ದಿನ ಹೊಟ್ಟೆ ತೊಳೆಸಿದ ಹಾಗಾಯಿತು. ಕೂದಲು ಈಗ ಕಸದ ಗಾಡಿಗೆ ಹೋಗುತ್ತದೆ.

ಸ್ನಾನದ ಮಾತು ಬಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅಮ್ಮನ ಪ್ರಕಾರ ಒಳಗೆ ಓಡಾಡುವ ಪ್ರಾಣಿಗೆ ದಿನಾ ಸ್ನಾನ ಆಗಬೇಕು. ನಾನು ತಿಂಗಳಿಗೊಮ್ಮೆ ಸಾಕೆನ್ನುತ್ತೇನೆ. ನಮ್ಮ ಹೊರಚರ್ಮದಲ್ಲಿ ಹತ್ತರಿಂದ ಹದಿನೈದು ಪದರ ಕೋಶಗಳಿದ್ದರೆ ನಾಯಿಯದರಲ್ಲಿ ಮೂರರಿಂದ ಐದು. ಮೈಮೇಲೆ ಅಷ್ಟು ಕೂದಲು ಹೊತ್ತಿರುವುದರಿಂದ ನಮಗೆ ಅದರ ಚರ್ಮ ಗಟ್ಟಿ ಎನಿಸುತ್ತದೆ, ನಿಜಕ್ಕೂ ಅದು ಕೂಸಿನ ಚರ್ಮದಷ್ಟು ನಾಜೂಕು. ನಮ್ಮ ಚರ್ಮ ಕೊಂಚ ಹುಳಿ ಗುಣದ್ದು, ಪಿಎಚ್ ಸುಮಾರು 5.5. ನಾಯಿಯದು 7ರ ಆಸುಪಾಸು. ಆದ್ದರಿಂದ ನಮ್ಮ ಸೋಪು, ಶಾಂಪೂ ಅದಕ್ಕೆ ಒಗ್ಗುವುದಿಲ್ಲ, ಚರ್ಮ ಒಣಗಿ ಹೊಟ್ಟು ಏಳುತ್ತದೆ, ಕೆರೆತ ಶುರುವಾಗುತ್ತದೆ, ಕೆರೆಯುತ್ತದೆಂದು ಮತ್ತೆ ಸ್ನಾನ ಮಾಡಿಸುತ್ತೇವೆ. ಸೀಗೆಪುಡಿ ಹಾಕು ಎಂದು ಅಮ್ಮ ಹೇಳಿದ್ದಳು. ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದೆಂದು ಬೇಡವೆಂದೆ. ನರಕ ಚತುರ್ದಶಿಯ ಬೆಳಿಗ್ಗೆ ಎಲ್ಲರ ನೆತ್ತಿಗೆ ಎಣ್ಣೆ ಒತ್ತಿ, ಬಟ್ಟಲಿನಲ್ಲಿ ಉಳಿದ ಎಣ್ಣೆಯನ್ನು ನೋಡುತ್ತಾ ‘ಅದಕ್ಕೂ ಒಂದು ಚೂರು?’ ಎಂದು ಕೇಳಿದಳು. ಎಣ್ಣೆ ಹಚ್ಚಿದರೆ ನೆಕ್ಕಿಕೊಂಡು ಹೊಟ್ಟೆ ಕೆಡಿಸಿಕೊಳ್ಳುತ್ತದೆ, ಧೂಳು ಮೆತ್ತುತ್ತದೆ ಎಂದು ತಿಳಿಸಿ ಹೇಳಿದೆ. ಆದರೂ ಹಬ್ಬದ ದಿನ ಮನೆಯವರೆಲ್ಲ ಮಿಂದು ಅವಳೊಬ್ಬಳು ಹಾಗೇ ಇರುವುದು ಅಮ್ಮನಿಗೆ ಸಂಕಟ. ಆದ್ದರಿಂದ ಅಕ್ಟೋಬರ್ ನವೆಂಬರಿನ ಸ್ನಾನ ಮಾತ್ರ ಚತುರ್ದಶಿಗೇ ಬೀಳುವ ಹಾಗೆ ನೋಡಿಕೊಳ್ಳುತ್ತೇನೆ. ಅಮ್ಮ ಹಂಡೆಗೆ ಕಟ್ಟಿದ ಹಿಂಡಲೆಕಾಯಿ ಬಳ್ಳಿಯ ಎರಡು ಎಲೆ ತಂದು ಅವಳ ಬಾಲ್ದಿಗೂ ಹಾಕುತ್ತಾಳೆ.

ಸ್ನಾನಕ್ಕೆ ಮೊದಲು ಪೂರ್ತಿ ಬಾಚಿ ಮುಗಿಸಿರಬೇಕು. ಒದ್ದೆಯಾದ ಸಿಕ್ಕು ಒಣಗುವಾಗ ಹುರಿ ಹಾಕಿದ ಹಗ್ಗದಷ್ಟು ಬಿಗಿಯುತ್ತದೆ. ನೀರು ಉಗುರುಬೆಚ್ಚಗೆ. ಜಾರದಂತೆ ಬಚ್ಚಲಿಗೆ ಗೋಣಿತಾಟು ಹಾಸುವುದು ಮುಖ್ಯ, ನಾಯಿ ಸ್ನಾನಕ್ಕಿಂತ ಜಾರುವುದಕ್ಕೆ ಹೆದರುತ್ತದೆ. ಕಾಲಿನಿಂದ ಮೇಲಕ್ಕೆ ಒದ್ದೆ ಮಾಡುತ್ತಾ ಬಂದು, ಮುಖಕ್ಕೆ ಬರೀ ಒದ್ದೆ ಬಟ್ಟೆ. ನೊರೆಗಿಂತ ಹೆಚ್ಚು ಹೊತ್ತು ನೊರೆ ತೊಳೆಯುವುದಕ್ಕೆ ಬೇಕು. ಒಳಗೂದಲಿನಲ್ಲಿ ಶಾಂಪೂ ಉಳಿದರೆ ಮರುದಿನದಿಂದಲೇ ಕೆರೆತ. ಆಮೇಲೆ ಅವಳಿಗೆ ಜಾಗ ಬಿಡಬೇಕು. ಮೂಗಿನಿಂದ ಹೊರಟ ಆ ಕೊಡಹು ಹೆಗಲಿಗೆ ಬಂದು, ಸೊಂಟಕ್ಕೆ ಬಂದು, ಬಾಲದ ತುದಿಯಲ್ಲಿ ಮುಗಿಯುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನವರು 2012ರಲ್ಲಿ ಇದನ್ನೇ ಕುಳಿತು ಅಳೆದಿದ್ದಾರೆ. ಇಲಿಯಂಥ ಪುಟ್ಟ ಪ್ರಾಣಿ ಸೆಕೆಂಡಿಗೆ ಮೂವತ್ತರ ಹತ್ತಿರ ಸಲ ಮೈ ಕೊಡಹಬೇಕು, ಲ್ಯಾಬ್ರಡಾರ್‌ನಷ್ಟು ದೊಡ್ಡ ನಾಯಿಗೆ ನಾಲ್ಕೈದು ಸಲ ಸಾಕು. ಸುಮಾರು ನಾಲ್ಕು ಸೆಕೆಂಡಿನಲ್ಲಿ ಮೈಯ ನೀರಿನ ಶೇ. 70ರಷ್ಟು ಹೊರಗೆ. ಯಾವ ಟವೆಲಿಗೂ ಸಾಧ್ಯವಿಲ್ಲ. ಉಳಿದ ಮೂವತ್ತೇ ನಮ್ಮ ಮಳೆಗಾಲದ ಕಷ್ಟ. ಜುಲೈನಲ್ಲಿ ಇಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಅವಳ ಒಳಗೂದಲು ಒಣಗೀತೇ? ಬೆರಳ ಸಂದಿ, ಕಂಕುಳು ಹಸಿಯಾಗಿ ಉಳಿದರೆ ಬೂಷ್ಟು ಹಿಡಿದು ಹುಣ್ಣಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸ್ನಾನ ತೀರ ಕಡಿಮೆ ಮಾಡಿ, ವಾಕಿಂಗ್‌ನಿಂದ ಬಂದ ಕೂಡಲೇ ನಾಲ್ಕು ಪಾದಗಳನ್ನು ಒರೆಸುತ್ತೇನೆ, ಬೆರಳು ಬೆರಳು ಬಿಡಿಸಿ.

ಹಾಗೆ ಬೆರಳು ಬಿಡಿಸುವಾಗಲೇ ಉಣುಗು ಸಿಗುವುದು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಉಣುಗು ಎಂದರೆ ಬರೀ ಕೆರೆತವಲ್ಲ, ಭಯ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಆಮೇಲೆ ಜನರಿಗೂ ಜ್ವರ ಬಂದು, ಅದು ಮಂಗನ ಕಾಯಿಲೆ ಎಂದು ಹೆಸರಾಯಿತು. ವೈದ್ಯಲೋಕದಲ್ಲಿ ಆ ರೋಗಕ್ಕೆ ಇವತ್ತಿಗೂ ಕ್ಯಾಸನೂರಿನ ಹೆಸರೇ. ಹರಡುವುದು ಕಾಡಿನ ಉಣುಗು. ದರಗು ತರಲು ಹೋದವರು, ದನ ಮೇಯಿಸಲು ಹೋದವರು ಸತ್ತ ಸುದ್ದಿ ಕೇಳುತ್ತಾ ನಾವು ಬೆಳೆದೆವು. ಮಲ್ಲಿಯ ಮೈಗೆ ಹತ್ತುವ ಕಂದು ಉಣುಗು ಬೇರೆ ಜಾತಿಯದು, ಮಂಗನ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಾಯಿಗೆ ಬರುವ ಉಣುಗಿನ ಜ್ವರ ಅದರಿಂದಲೇ. ರಕ್ತ ಕುಡಿದು ಹರಳೆಬೀಜದಷ್ಟಾದ ಹೆಣ್ಣು ಉಣುಗು ನಾಯಿಯಿಂದ ಕೆಳಗೆ ಬಿದ್ದು ಗೋಡೆಯ ಬಿರುಕು, ಬಾಗಿಲ ಸಂದಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಯಲ್ಲಿ ಹತ್ತು ಕಂಡರೆ ಮನೆಯ ಗೋಡೆಯಲ್ಲಿ ನೂರಿವೆ ಎಂದು ತಿಳಿಯಬೇಕು.

ತೆಗೆಯುವ ಕ್ರಮ ಸುಲಭ, ಅವಸರ ಕೂಡದು. ಚಿಮ್ಮಟವನ್ನು ಚರ್ಮಕ್ಕೆ ತಾಗಿಸಿ, ಉಣುಗಿನ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಬೇಕು. ಚರ್ಮ ಗುಡಾರದ ಹಾಗೆ ಏಳುತ್ತದೆ, ಆಮೇಲೆ ಟಪ್ ಎಂದು ಬಿಡುತ್ತದೆ. ಸೀದಾ ಸ್ಪಿರಿಟ್ಟಿಗೆ. ಸೀಮೆಎಣ್ಣೆ ಬಿಡುವುದು, ಊದುಬತ್ತಿ ತಾಗಿಸುವುದು, ಉಗುರಲ್ಲಿ ಕುಟ್ಟುವುದು, ನಾವು ಚಿಕ್ಕಂದಿನಿಂದ ನೋಡಿದ್ದೆಲ್ಲ ತಪ್ಪು. ಉಣುಗು ಗಾಬರಿಯಾದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಔಷಧಿಯನ್ನು ಡಾಕ್ಟರು ತೂಕ ನೋಡಿಯೇ ಕೊಡಬೇಕು. ಮನೆಯಲ್ಲಿ ಬೆಕ್ಕಿದ್ದರಂತೂ ಕೇಳಿಯೇ ತರಬೇಕು, ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿನ ಪ್ರಾಣ ತೆಗೆಯುತ್ತದೆ. ನಮ್ಮ ಗೇಟಿನ ಹತ್ತಿರ ಮಲಗುವ ಬೀದಿನಾಯಿ ಕರಿಯನ ಮೈಯಲ್ಲಿ ಒಂದೇ ಸಂಜೆ ನಲವತ್ತಮೂರು ಕಿತ್ತಿದ್ದೇನೆ. ಕರಿಯನದು ಮುಧೋಳದ ನಾಯಿಗಿರುವಂಥ ತೆಳು ಕೂದಲು, ಬಾಚುವ ಕೆಲಸವೇ ಇಲ್ಲ, ಒರಟು ಬಟ್ಟೆಯಲ್ಲಿ ತಿಕ್ಕಿದರೆ ಮುಗಿಯಿತು. ಆದರೆ ಕಿವಿಯೊಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಉಣುಗು. ಮೊದಲ ದಿನ ಬರೀ ಒಂದು ಕಿವಿ ತೋರಿಸಿದ. ಎರಡನೇ ಕಿವಿಗೆ ಹದಿನೈದು ದಿನ ಕಾದೆ.

ಕರಿಯನ ಕಿವಿ ಹಿಡಿದು ಕುಳಿತಾಗ ನನಗೆ ಆತಕೂರಿನ ಕಾಳಿ ನೆನಪಾಗುತ್ತದೆ. ಕ್ರಿ.ಶ. 949-50ರ ಮಾತು. ತಕ್ಕೋಲದಲ್ಲಿ ಚೋಳರನ್ನು ಗೆದ್ದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ವೀರ ಮಣಲೆರ ಎದೆಗೊಟ್ಟು ಕಾದಿದ. ಮೆಚ್ಚಿದ್ದೇನೆ, ಬೇಕಾದ್ದು ಕೇಳು ಎಂದು ಒಡೆಯ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟರು. ಆ ಭೂಮಿ ಉಣ್ಣುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಬಾರದು ಎಂಬ ಕಟ್ಟೂ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಮೇಲ್ಭಾಗದಲ್ಲಿ ಹಂದಿಯೂ ನಾಯಿಯೂ ಕಚ್ಚಾಡುವ ಚಿತ್ರ, ಸುತ್ತ ಹಳಗನ್ನಡದ ಸಾಲುಗಳು. ಪೊದೆ ಪೊದೆ ನುಗ್ಗುತ್ತಿದ್ದ ನಾಯಿ ಅದು. ಸಂಜೆ ಅದರ ಕಿವಿ ಮಡಚಿ ಉಣುಗು ಕೀಳುತ್ತಿದ್ದವರು ಯಾರು? ಮಣಲೆರನೇ ಇರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಊರು ಕೇರಿ ಕೇಳದೆ ನಾಯಿಯನ್ನು ಕೇಳಿದವನು ಅದನ್ನು ಬೇರೆಯವರ ಕೈಗೆ ಕೊಟ್ಟಿರಲಾರ.

ಉಗುರಿನ ಕೆಲಸ ಮೂರು ವಾರಕ್ಕೊಮ್ಮೆ. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಉಗುರು ಸರಿಯಿದ್ದರೆ ಮಲ್ಲಿ ನಡೆದದ್ದು ಕೇಳಿಸುವುದಿಲ್ಲ. ಟಕ್ ಟಕ್ ಎಂದರೆ ಬೆಳೆದಿದೆ ಎಂದರ್ಥ. ಅವಳ ಉಗುರು ಬಿಳಿ, ಬೆಳಕಿಗೆ ಹಿಡಿದರೆ ಒಳಗಿನ ರಕ್ತನಾಳ ಗುಲಾಬಿಯಾಗಿ ಕಾಣುತ್ತದೆ, ಅದರಿಂದ ಎರಡು ಮಿಲಿಮೀಟರ್ ಈಚೆ ನಿಲ್ಲಿಸಬೇಕು. ಕರಿಯನಂಥ ಕಪ್ಪು ಉಗುರಿನವರಿಗೆ ರವೆಯಷ್ಟು ರವೆಯಷ್ಟೇ ತೆಗೆಯುತ್ತಾ ಕತ್ತರಿಸಿದ ಮುಖ ನೋಡಬೇಕು, ನಡುವೆ ಕಪ್ಪು ಚುಕ್ಕೆ ಕಂಡರೆ ಸಾಕು. ಒಮ್ಮೆ ನನ್ನ ಕೈ ತಪ್ಪಿ ರಕ್ತ ಬಂತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದು ನಿಲ್ಲಿಸಿದೆ, ಆದರೆ ಆ ಕಾಲನ್ನು ಅವಳು ಎರಡು ತಿಂಗಳು ಕೊಡಲಿಲ್ಲ. ಮುಂಗಾಲಿನ ಒಳಮಗ್ಗುಲಲ್ಲಿ ನೆಲಕ್ಕೆ ತಾಗದ ಐದನೇ ಉಗುರೊಂದು ಇರುತ್ತದೆ, ಸವೆಯುವುದೇ ಇಲ್ಲ, ಸುತ್ತಿ ಬಂದು ಮಾಂಸಕ್ಕೇ ಚುಚ್ಚಿಕೊಳ್ಳುತ್ತದೆ. ಅದನ್ನು ಮರೆಯುವವರೇ ಹೆಚ್ಚು. ಕಿವಿಗೆ ಬಡ್ಸ್ ಹಾಕಬಾರದು. ನಾಯಿಯ ಕಿವಿಯ ದಾರಿ ಕೆಳಗಿಳಿದು ಒಳಕ್ಕೆ ತಿರುಗುತ್ತದೆ, ಕೊಳೆಯನ್ನು ನಾವೇ ಮೂಲೆಗೆ ತಳ್ಳಿದ ಹಾಗಾಗುತ್ತದೆ. ಕಾಣುವಷ್ಟು ಒರೆಸಿ ಮೂಸಿ ನೋಡಿದರೆ ಸಾಕು, ಹುಳಿವಾಸನೆ ಬಂದರೆ ಡಾಕ್ಟರು. ಹಲ್ಲಿಗೆ ನಮ್ಮ ಪೇಸ್ಟು ಬೇಡ.

ಹೋದ ವರ್ಷ ಶ್ರಾವಣದ ಒಂದು ಶನಿವಾರ ಎಡಮಗ್ಗುಲು ಮುಗಿಸಿ, ಹೊಟ್ಟೆಯ ಕೂದಲನ್ನು ಬೆರಳಲ್ಲಿ ಸೀಳುತ್ತಾ ಬರುತ್ತಿದ್ದೆ. ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆತೊಟ್ಟು. ನಾಲ್ಕನೆಯದರ ಪಕ್ಕ, ಚರ್ಮದಡಿ, ತೊಗರಿಕಾಳಿನಷ್ಟು ಗಟ್ಟಿ ಏನೋ ಬೆರಳಿಗೆ ಸಿಕ್ಕಿ ಜಾರಿತು. ಉಣುಗೆಂದುಕೊಂಡು ಕೂದಲು ಬಿಡಿಸಿದೆ. ಉಣುಗಲ್ಲ. ಚರ್ಮ ನುಣ್ಣಗಿತ್ತು, ಬಣ್ಣ ಬದಲಾಗಿರಲಿಲ್ಲ, ಒತ್ತಿದರೆ ಅವಳಿಗೆ ನೋವೂ ಇಲ್ಲ. ಕಣ್ಣಿಗೆ ಎಷ್ಟು ನೋಡಿದರೂ ಕಾಣುವಂಥದ್ದಲ್ಲ. ಬೆರಳು ಹೋಗಿ ಬಂದು, ಹೋಗಿ ಬಂದು ಅದನ್ನೇ ಹುಡುಕಿತು. ಹಿಂದಿನ ಶನಿವಾರ ಅದು ಅಲ್ಲಿರಲಿಲ್ಲ. ನನಗೆ ಖಾತ್ರಿಯಿತ್ತು, ಏಕೆಂದರೆ ಆ ಮೈಯ ಪ್ರತಿ ಗೆರೆಯೂ ನನ್ನ ಬೆರಳಿಗೆ ಬಾಯಿಪಾಠ.

ಸೋಮವಾರ ಡಾಕ್ಟರ ಹತ್ತಿರ ಹೋದೆವು. ಮರಿ ಹಾಕದಂತೆ ಆಪರೇಷನ್ ಮಾಡಿಸದ ಹೆಣ್ಣುನಾಯಿಗಳಲ್ಲಿ ಈ ಗಂಟು ಬಹಳ ಸಾಮಾನ್ಯ, ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ ಎಂದರು. ಎಳೆ ಪ್ರಾಯದಲ್ಲೇ ಆಪರೇಷನ್ ಮಾಡಿಸಬಹುದಿತ್ತು, ಮಾಡಿಸಿರಲಿಲ್ಲ. ಅದು ನಮ್ಮ ತಪ್ಪು, ಇನ್ನೂ ಮನಸ್ಸಿನಲ್ಲಿ ಕೊರೆಯುತ್ತದೆ. ‘ಇಷ್ಟು ಸಣ್ಣದನ್ನು ಹೇಗೆ ಕಂಡುಹಿಡಿದಿರಿ? ನಮ್ಮಲ್ಲಿಗೆ ನಿಂಬೆಹಣ್ಣಿನಷ್ಟಾದ ಮೇಲೆ, ಒಡೆದು ಸೋರಿದ ಮೇಲೆ ತರುತ್ತಾರೆ’ ಎಂದರು. ಬಾಚುವಾಗ ಸಿಕ್ಕಿತು ಎಂದೆ. ಗಂಟು ತೆಗೆದರು, ಗರ್ಭಕೋಶವನ್ನೂ ತೆಗೆದರು. ಪರೀಕ್ಷೆಗೆ ಕಳಿಸಿದ ಗಂಟು ಕೆಟ್ಟದ್ದೇ ಆಗಿತ್ತು, ಆದರೆ ಎಲ್ಲೂ ಹರಡಿರಲಿಲ್ಲ.

ಹೊಲಿಗೆ ನೆಕ್ಕದಂತೆ ಹನ್ನೆರಡು ದಿನ ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ. ಅವಳಿಗೆ ತನ್ನ ಮೈ ತನಗೇ ಸಿಗದಾಯಿತು. ಕೆರೆತ ಬಂದರೆ ಕಾಲೆತ್ತಿ ಪ್ಲಾಸ್ಟಿಕ್ಕನ್ನೇ ಕೆರೆಯುತ್ತಿದ್ದಳು, ಆ ಕರ್ ಕರ್ ಸದ್ದಿಗೆ ರಾತ್ರಿ ಎಚ್ಚರವಾಗುತ್ತಿತ್ತು. ಎದ್ದು ಹೋಗಿ ಪಟ್ಟಿಯ ಒಳಗೆ ಕೈ ಹಾಕಿ ಕಿವಿಯ ಬುಡ, ಗಲ್ಲ, ಕೊರಳು ಕೆರೆದು ಬರುತ್ತಿದ್ದೆ. ಒಂದು ರಾತ್ರಿ ಎದ್ದು ಹೋದರೆ ಅಮ್ಮ ಆಗಲೇ ಅಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು, ಪಟ್ಟಿಯೊಳಗೆ ಕೈ ಇಟ್ಟು. ನಾಯಿ ಮುಟ್ಟಿದರೆ ಸ್ನಾನ ಮಾಡುತ್ತಿದ್ದವಳು. ‘ನೀ ಹೋಗಿ ಮಲಗು, ನಂಗೆ ಹ್ಯಾಗೂ ನಿದ್ದೆ ಬರೂದಿಲ್ಲ’ ಎಂದಳು.

ಹದಿಮೂರನೇ ದಿನ ಹೊಲಿಗೆ ಬಿಚ್ಚಿಸಿ ಬಂದು, ಪಟ್ಟಿ ತೆಗೆದು, ಜಗುಲಿಗೆ ಚಾಪೆ ಹಾಸಿದೆ. ಮಲ್ಲಿ ನನ್ನ ಬ್ರಷ್ ಕಡೆ ನೋಡಲೇ ಇಲ್ಲ. ಮುಂಗಾಲಿನಿಂದ ಶುರುಮಾಡಿ ಅರ್ಧ ಗಂಟೆ ತನ್ನ ಮೈಯನ್ನು ತಾನೇ ನೆಕ್ಕಿಕೊಂಡಳು. ಆಮೇಲೆ ಎದ್ದು ಬಂದು ನನ್ನ ತೊಡೆಗೆ ಒರಗಿ, ಮೊಣಕೈಯ ಹತ್ತಿರ ಮೂಗಿಟ್ಟಳು. ಬಾಯಿಯ ಮುಂದಿನ ಅಕ್ಕಿಕಾಳಿನಂಥ ಸಣ್ಣ ಹಲ್ಲುಗಳಿಂದ ನನ್ನ ಚರ್ಮವನ್ನು ಮೆಲ್ಲಗೆ ಕುಟುಕುತ್ತಾ, ಒಂದು ಗೆರೆ ಮುಗಿಸಿ ಕೊಂಚ ಪಕ್ಕಕ್ಕೆ ಸರಿದು ಇನ್ನೊಂದು ಗೆರೆ ಹಿಡಿದು, ಮಣಿಕಟ್ಟಿನವರೆಗೆ ಬಂದಳು. ನಾಯಿಗಳು ಒಂದಕ್ಕೊಂದು ಉಣುಗು ಚಿಗಟ ಹುಡುಕುವುದು ಹೀಗೆಯೇ. ಎರಡನೇ ಕೈಯನ್ನೂ ಚಾಚಿದೆ.